ಚಂದ್ರಗಿರಿಯಾಚೆಗೆ ಒಂದು ರೀಲು

ನಮ್ಮ ಕುಂಬಳೆ ಸೀಮೆಯ ಹಿರಿಯರಿಗೆ ಚಂದ್ರಗಿರಿ ಹೊಳೆ ದಾಟಿದರೆ ಮಲೆಯಾಳ. ಹೊಸದುರ್ಗಕ್ಕೋ ನೀಲೇಶ್ವರಕ್ಕೋ ಹೋದವರು ತಿರುಗಿ ಬಂದು ಜಗಲಿಯಲ್ಲಿ ಕೂತರೆ, "ಮಲೆಯಾಳಕ್ಕೆ ಹೋದವ ಬಂದನಾ?" ಎನ್ನುತ್ತ ಅಜ್ಜಿ ಆಸರಿಗೆ ಬೆಲ್ಲ ನೀರು ತರುತ್ತಿದ್ದಳು. ದೂರದೇಶದಿಂದ ಬಂದವರಿಗೆ ಸಲ್ಲುವ ಉಪಚಾರ ಅದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿ ಗಡಿ ತಲಪಾಡಿಗೆ ಬಂದು ನಿಂತಿತು. 1984ರ ಮೇ 24ರಂದು ಕಾಸರಗೋಡೇ ಒಂದು ಜಿಲ್ಲೆಯಾದಾಗ ಹೊಳೆ ಜಿಲ್ಲೆಯ ನಡುವೆ ಉಳಿಯಿತು. ಅಜ್ಜಿಯ ಲೆಕ್ಕದಲ್ಲಿ ಗಡಿ ಮಾತ್ರ ಹೊಳೆಯೇ. ಅದರ ದಡದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಇನ್ನೂ ನಿಂತಿದೆಯಲ್ಲ, ಕಾವಲು ಕಾಯುವುದಕ್ಕೆ ಅಷ್ಟು ಸಾಕೆಂದು ಅವಳು ತಿಳಿದಿದ್ದಳೋ ಏನೋ.

ನಾನೂ ಅವಳ ಲೆಕ್ಕದವನೇ. ಫಿಲ್ಮ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕುಂಬಳೆಯಲ್ಲಿ ರೈಲು ಹತ್ತಿ, ಸೇತುವೆಯ ಮೇಲೆ ಬೋಗಿಯ ಸದ್ದು ಬದಲಾಗುವುದನ್ನು ಕೇಳಿದ ಕೂಡಲೇ ನನಗೆ ಬೇರೆ ದೇಶಕ್ಕೆ ಹೊರಟ ಸಡಗರ ಹತ್ತುತ್ತದೆ. ಬೇರೆಯವರ ಹಬ್ಬ ನೋಡುವ, ಅದನ್ನು ಚಿತ್ರವಾಗಿ ಹಿಡಿಯುವ ಸುಖ ಇಷ್ಟು ಹತ್ತಿರದಲ್ಲೇ ಸಿಗುವುದು ನಮ್ಮ ಜಿಲ್ಲೆಯವರ ಭಾಗ್ಯ. ಈಚೆ ದಡದ ಕೋಲ ನೇಮಗಳಲ್ಲಿ ತೆಂಬರೆಯ ದನಿಗೆ ತುಳು ಪಾಡ್ದನ. ಆಚೆ ದಡದಲ್ಲಿ ದೈವವೆಂದರೆ ತೆಯ್ಯಂ, ಅದರ ಕಳಿಯಾಟಗಳಲ್ಲಿ ಚೆಂಡೆ, ಇಲತ್ತಾಳ, ಕುರುಂಕುಳಲ್, ಮಲಯಾಳದ ತೋಟ್ಟಂ ಪಾಟ್ಟು. ನಮ್ಮಲ್ಲಿ ಬೇಶ ತಿಂಗಳ ಹತ್ತು ಹೋಗುವ ಪತ್ತನಾಜೆಗೆ, ಎಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ದೈವಗಳ ಗಗ್ಗರವೂ ಮೇಳದವರ ಗೆಜ್ಜೆಯೂ ಒಳಗೆ ಹೋಗುತ್ತವೆ. ಆಚೆಯವರ ಹಂಗಾಮು ಎಡವ ತಿಂಗಳ ಅರ್ಧದವರೆಗೆ ನಡೆದು, ನೀಲೇಶ್ವರದ ಮನ್ನಂಪುರತ್ತ್ ಕಾವಿನ ಕಲಶದೊಂದಿಗೆ ಮುಗಿಯುತ್ತದೆ. ಮತ್ತೆ ತುಲಾ ಹತ್ತಕ್ಕೆ ಅದೇ ನೀಲೇಶ್ವರದ ಅಞೂಟ್ಟಂಬಲಂ ವೀರರ್‌ಕಾವಿನಲ್ಲಿ ಚೆಂಡೆಗೆ ಕೋಲು ಬೀಳುತ್ತದೆ. ಹೊಳೆಯಿಂದ ಈಚೆ ತೆಯ್ಯಂ ಇಲ್ಲವೆಂದಲ್ಲ. ಕುಂಬಳೆಯ ಹತ್ತಿರದ ಆರಿಕ್ಕಾಡಿ ಪಾರೆಸ್ಥಾನದಲ್ಲಿ ಆಲಿ ಚಾಮುಂಡಿ ಕಟ್ಟುತ್ತಾರೆ. ಮುಸ್ಲಿಮನೊಬ್ಬ ದೈವವಾದ ಕತೆ ಅದು. ಆ ದಿನ ಜಾತಿ ಮತ ನೋಡದೆ ಊರೇ ಕೈಮುಗಿದು ನಿಲ್ಲುತ್ತದೆ. ಆದರೂ ತೆಯ್ಯಂ ತುಂಬಿ ಹರಿಯುವುದು ಹೊಳೆಯಾಚೆಯೇ.

ದೈವಗಳೂ ಈ ಹೊಳೆಯನ್ನು ದಾಟಿವೆ. ವಿಷ್ಣುಮೂರ್ತಿಯ ಕತೆ ನನಗೆ ಅದಕ್ಕಾಗಿಯೇ ಬಲು ಹತ್ತಿರ. ನೀಲೇಶ್ವರದ ಪಾಲಂತಾಯಿ ಕಣ್ಣನ್ ಎಂಬ ಬಡ ಹುಡುಗ ಊರಿನ ಕುರುಪ್ಪಿನ ಕೋಪಕ್ಕೆ ಹೆದರಿ ಮಂಗಳೂರಿಗೆ ಓಡಿಹೋಗುತ್ತಾನೆ. ಅಲ್ಲಿ ಒಂದು ಮನೆಯಲ್ಲಿ ಆಶ್ರಯ ಪಡೆದು ನರಸಿಂಹನ ಭಕ್ತನಾಗಿ ಬೆಳೆಯುತ್ತಾನೆ. ವರ್ಷಗಳ ಮೇಲೆ ಊರ ನೆನಪು ತಡೆಯದೆ, ದೈವದ ಚೂರಿಯನ್ನೂ ಓಲೆಯ ಕೊಡೆಯನ್ನೂ ಹಿಡಿದು ತೆಂಕಕ್ಕೆ ನಡೆಯುತ್ತಾನೆ. ಊರು ಮುಟ್ಟಿ ಕೊಳದಲ್ಲಿ ಕೈಕಾಲು ತೊಳೆಯುವಾಗ ಕುರುಪ್ಪಿನ ಕತ್ತಿಗೆ ಸಿಕ್ಕುತ್ತಾನೆ. ಆಮೇಲೆ ಊರಿಗೆ ಊರೇ ತಲ್ಲಣಿಸಿ, ಪ್ರಶ್ನೆಯಿಟ್ಟು ನೋಡಿ, ವಿಷ್ಣುಮೂರ್ತಿಯನ್ನು ಕಟ್ಟಿ ಆಡಿಸುತ್ತದೆ. ತುಳುನಾಡಿನಲ್ಲಿ ನೆಲೆ ಕಂಡು ಮಲೆಯಾಳದಲ್ಲಿ ತೆಯ್ಯವಾಗಿ, ತಿರುಗಿ ನಮ್ಮ ಕಡೆಗೂ ಸುಳ್ಯದ ಕಡೆಗೂ ಒತ್ತೆಕೋಲವಾಗಿ ಬಂದ ದೈವ ಅದು. ಹೀಗೆ ಹೋಗಿ ಬರುವ ದೈವದ ಹಿಂದೆ ಕ್ಯಾಮೆರಾ ಹಿಡಿದು ಹೊರಡುವವನಿಗೆ ತಾನು ಹೊರಗಿನವನೆಂಬ ಅಳುಕು ಬಹಳ ಹೊತ್ತು ನಿಲ್ಲುವುದಿಲ್ಲ.

ನನ್ನ ಕ್ಯಾಮೆರಾ ಬಂದದ್ದು ಸಮುದ್ರ ದಾಟಿ. ಯಾಷಿಕಾ ಎಫ್‌ಎಕ್ಸ್-3, ಜೊತೆಗೆ 50 ಮಿಲಿಮೀಟರಿನ ಎಫ್/2 ಲೆನ್ಸು. 1979ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಶಟರು ಪೂರ್ತಿ ಯಾಂತ್ರಿಕ, ಬ್ಯಾಟರಿ ಬೇಕಾದದ್ದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ನೆರೆಮನೆಯ ಇಚ್ಚ ಅದನ್ನು ದುಬಾಯಿಯಿಂದ ತಂದಿದ್ದರು. ಕರಿಪ್ಪೂರಿನ ವಿಮಾನ ನಿಲ್ದಾಣ 1988ರಲ್ಲಿ ತೆರೆಯುವ ಮೊದಲು ನಮ್ಮ ಕಡೆಯವರು ಗಲ್ಫಿಗೆ ಹೋಗಿ ಬರುತ್ತಿದ್ದದ್ದು ಬೊಂಬಾಯಿಯ ದಾರಿಯಾಗಿ. ಎರಡು ವರ್ಷಕ್ಕೊಮ್ಮೆ ಬರುವವರ ಪೆಟ್ಟಿಗೆ ಬಿಚ್ಚುವಾಗ ಕೇರಿಯೇ ಅಂಗಳದಲ್ಲಿರುತ್ತಿತ್ತು. ನ್ಯಾಷನಲ್ ಪ್ಯಾನಸಾನಿಕ್ ಟೇಪ್ ರೆಕಾರ್ಡರು, ಹುಲಿ ಮಾರ್ಕಿನ ಮುಲಾಮು, ಸೆಂಟು, ಫಾರಿನ್ ಸೀರೆ, ಎಲ್ಲದರ ಅಡಿಯಲ್ಲಿ ಟರ್ಕಿ ಟವೆಲಿನಲ್ಲಿ ಸುತ್ತಿದ ಕ್ಯಾಮೆರಾ.

ಇಚ್ಚನ ಆಲ್ಬಮ್ಮನ್ನು ನಾನು ಎಷ್ಟು ಸಲ ನೋಡಿದ್ದೇನೋ. ದುಬಾಯಿಯ ದೇರಾದಲ್ಲಿ ಒಂದೇ ಕೋಣೆಯಲ್ಲಿ ಮಲಗೇಳುವ ನಮ್ಮೂರ ಗಂಡಸರು ಈದಿನ ಪೆರ್ನಾಳಿಗೆ ಹೊಸ ಅಂಗಿ ತೊಟ್ಟು ಸಾಲಾಗಿ ನಿಂತದ್ದು, ಓಣಕ್ಕೆ ಪತ್ರಿಕೆ ಹಾಸಿ ಅದರ ಮೇಲೆ ಬಾಳೆಲೆ ಇಟ್ಟದ್ದು, ದೀಪಾವಳಿಗೆ ಮಂಚದ ಕೆಳಗಿನಿಂದ ಪಣತಿ ತೆಗೆದು ಕಿಟಿಕಿಯಲ್ಲಿ ಹಚ್ಚಿದ್ದು. ಊರಿನಿಂದ ಅಷ್ಟು ದೂರದಲ್ಲಿ ಹಬ್ಬ ಮಾಡುವವರ ಮುಖದಲ್ಲಿ ಒಂದು ಬಗೆಯ ಶ್ರದ್ಧೆ ಇರುತ್ತದೆ. ಅಡುಗೆ, ಉಡುಪು, ಹಾಡು, ಎಲ್ಲವನ್ನೂ ತಾವೇ ನೆನಪಿನಿಂದ ಹೊಂದಿಸಿಕೊಳ್ಳಬೇಕಲ್ಲ. ಇಚ್ಚ ಛಾಯಾಚಿತ್ರ ಕಲಿತವರಲ್ಲ. ಆದರೆ ಒಂದು ರೀಲನ್ನು ಪೆರ್ನಾಳಿನಿಂದ ಓಣದವರೆಗೆ ಎಳೆಯುತ್ತಿದ್ದುದರಿಂದ, ಯಾವುದು ತೆಗೆಯತಕ್ಕದ್ದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದೊಂದು ಚಿತ್ರದಲ್ಲೂ ಇರಬೇಕಾದವರೆಲ್ಲ ಇದ್ದಾರೆ, ಎಲ್ಲರ ಕಣ್ಣೂ ತೆರೆದಿದೆ. ಗಲ್ಫಿನ ಕೆಲಸ ಬಿಟ್ಟು ಬಂದ ಮೇಲೆ ಒಂದು ದಿನ ಕ್ಯಾಮೆರಾವನ್ನು ನನ್ನ ಕೈಗಿಟ್ಟು, "ನೀನು ಕೋಲ ಕೋಲ ಎಂದು ತಿರುಗುವವ, ಇಟ್ಟುಕೋ ಮಾರಾಯ" ಎಂದರು. ನಮ್ಮ ಸೆಕೆಗೂ ಮಳೆಗೂ ಅದರ ಮೈಮೇಲಿನ ರೆಕ್ಸಿನ್ ಸುಲಿದುಹೋಗಿದೆ. ಶಟರಿನ ಸದ್ದು ಹೊಸದರಂತೆಯೇ ಇದೆ.

35 ಮಿಲಿಮೀಟರಿನ ಒಂದು ರೀಲಿಗೆ 36 ಚಿತ್ರ. ಒಂದೊಂದೂ 24ಕ್ಕೆ 36 ಮಿಲಿಮೀಟರು. ಬಣ್ಣದ ರೀಲಿಗೆ ಈಗ ಸಾವಿರ ರೂಪಾಯಿಯ ಆಸುಪಾಸು ಬೆಲೆ. ತೊಳೆಸಬೇಕಾದರೆ ಬೆಂಗಳೂರಿಗೋ ಮುಂಬೈಗೋ ಕೊರಿಯರ್ ಮಾಡಬೇಕು. ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ 1967ರಿಂದ ಇಂದು ಎಂಬ ಹೆಸರಿನ ಫಿಲ್ಮು ತಯಾರಿಸುತ್ತಿತ್ತು. ಪೂರ್ವ ಜರ್ಮನಿಯ ಆರ್ವೋ ರೀಲುಗಳೂ ಪೇಟೆಯ ಸ್ಟುಡಿಯೋಗಳಲ್ಲಿ ಸಿಗುತ್ತಿದ್ದವು. ಆ ಕಾಲ ಮುಗಿಯಿತು. ಇಷ್ಟೆಲ್ಲ ತೊಡಕು ಇಟ್ಟುಕೊಂಡು ಫಿಲ್ಮು ಯಾಕೆ ಎಂದು ಕೇಳುವವರಿಗೆ ನಾನು ಒಂದು ಇರುಳು ಕಳಿಯಾಟಕ್ಕೆ ಬನ್ನಿ ಎನ್ನುತ್ತೇನೆ. ಬಾಯಿಮಾತಿನಲ್ಲಿ ಹೇಳಿ ಒಪ್ಪಿಸುವ ಸಂಗತಿಯಲ್ಲ ಅದು.

ಕಳಿಯಾಟದ ಮುಖ್ಯ ಭಾಗ ನಡೆಯುವುದು ಕಾವಿನ ಎದುರಲ್ಲ, ಬದಿಯಲ್ಲಿ ಮಡಲು ಹೆಣೆದು ಕಟ್ಟಿದ ಅಣಿಯರದ ಒಳಗೆ. ಬಾಗಿಲಲ್ಲಿ ನಿಂತು "ಫೋಟೋ ಎಡುಕ್ಕಾಮೋ?" ಎಂದು ಕೇಳುತ್ತೇನೆ. "ಎಡ್ತೋ, ಫ್ಲಾಶ್ ಬೇಂಡ" ಎಂದು ಒಳಗಿನಿಂದ ಉತ್ತರ ಬರುತ್ತದೆ. ಬೇಡ ಎಂದರೆ ಬೇಡವೇ, ಕ್ಯಾಮೆರಾ ಚೀಲದೊಳಗೆ ಹೋಗುತ್ತದೆ. ಕೆಲವು ಸ್ಥಾನಗಳಲ್ಲಿ ಚಿತ್ರ ತೆಗೆಯಬಾರದೆಂಬ ಫಲಕವೇ ಇರುತ್ತದೆ. ಅದು ಅವರ ದೈವ, ಅವರ ಅಂಗಳ.

ಕೋಲ ಕಟ್ಟುವವರು ಅಂಗಾತ ಮಲಗಿರುತ್ತಾರೆ. ತಲೆಯ ಬಳಿ ಒಬ್ಬರು ಕೂತು ಬಾಗಿ ಮುಖ ಬರೆಯುತ್ತಿರುತ್ತಾರೆ. ಅರದಾಳದ ಹಳದಿ, ಇಂಗಲೀಕದ ಕೆಂಪು, ಮಸಿ, ಅಕ್ಕಿಹಿಟ್ಟು, ಕಲಸುವುದಕ್ಕೆ ತೆಂಗಿನೆಣ್ಣೆ. ಕುಂಚವೆಂದರೆ ತೆಂಗಿನ ಗರಿಯ ಕಡ್ಡಿ, ತುದಿಯನ್ನು ಜಜ್ಜಿ ಹದ ಮಾಡಿದ್ದು. ಹುಬ್ಬಿನ ಮೇಲಿನಿಂದ ಹೊರಟ ಗೆರೆ ಕಣ್ಣಿನ ಕೊನೆಯನ್ನು ಬಳಸಿ ಕೆನ್ನೆಗೆ ಇಳಿದು ಸುರುಳಿಯಾಗಿ ನಿಲ್ಲುವವರೆಗೆ ಬರೆಯುವವರು ಉಸಿರು ಬಿಡುವುದಿಲ್ಲ. ಲೆನ್ಸನ್ನು ಎಫ್/2ಕ್ಕೆ ತೆರೆದು, ಸೆಕೆಂಡಿನ ಮೂವತ್ತನೇ ಒಂದು ಭಾಗ ಶಟರು ತೆರೆದಿರಲು ಬಿಟ್ಟರೆ 400ರ ಫಿಲ್ಮಿಗೆ ಆ ದೀಪದ ಬೆಳಕು ಹೇಗೋ ಸಾಲುತ್ತದೆ. ಅಷ್ಟು ಹೊತ್ತು ಕೈ ಅಲುಗಬಾರದೆಂದು ನಾನೂ ಉಸಿರು ಹಿಡಿಯುತ್ತೇನೆ. ಬರೆಯುವವರು, ಬರೆಸಿಕೊಳ್ಳುವವರು, ನಾನು, ಮೂವರೂ ಉಸಿರು ಹಿಡಿದ ಕ್ಷಣ ಅದು. ಇಂಥ ಮುಖವೊಂದು ಮುಗಿಯಲು ಗಂಟೆಗಳೇ ಬೇಕು. ಅಷ್ಟರಲ್ಲಿ ನಾನು ಒಂದೋ ಎರಡೋ ಸಲ ಒತ್ತಿದ್ದರೆ ಹೆಚ್ಚು. ಉಳಿದ ಹೊತ್ತೆಲ್ಲ ನೋಡುತ್ತ ಕೂರುವುದೇ. ಸಾಲದ್ದಕ್ಕೆ ಬರೆಯುವವರ ಮೊಮ್ಮಗ ತಂದುಕೊಡುವ ಕಟ್ಟನ್ ಚಾಯ.

ಕೊನೆಗೆ ಸಿರಿಯ ಉಡುಗೆ ಬಿಗಿದು, ಕಾವಿನೆದುರು ಪೀಠದ ಮೇಲೆ ಕೂರಿಸಿ ಮುಡಿ ಕಟ್ಟುತ್ತಾರೆ. ಆಗ ಕೈಗೊಂದು ಸಣ್ಣ ಕನ್ನಡಿ ಕೊಡುತ್ತಾರೆ. ಕೋಲಧಾರಿ ಅದರಲ್ಲಿ ಮುಖ ನೋಡುತ್ತಾರೆ. ತನ್ನ ಮುಖ ಇರಬೇಕಾದಲ್ಲಿ ದೈವದ ಮುಖ. ಒಂದು ಗಳಿಗೆ ಮೊದಲು "ಚಾಯ ಕುಡಿದಿರಾ?" ಎಂದು ನನ್ನನ್ನು ವಿಚಾರಿಸಿದ ಮನುಷ್ಯ ಅಲ್ಲಿಗೆ ಇಲ್ಲವಾಗುತ್ತಾರೆ. ಮೈ ನಡುಗುತ್ತದೆ, ಚೆಂಡೆ ಏರುತ್ತದೆ, ಎದ್ದು ನಿಂತದ್ದು ತೆಯ್ಯಂ.

ನನ್ನ ಕ್ಯಾಮೆರಾದಲ್ಲೂ ಒಂದು ಕನ್ನಡಿ ಇದೆ. ಲೆನ್ಸಿನ ಹಿಂದೆ ಓರೆಯಾಗಿ ನಿಂತು, ಎದುರಿನ ದೃಶ್ಯವನ್ನು ಮೇಲಿನ ಕಿಂಡಿಗೆ ಕಳಿಸುವುದು ಅದರ ಕೆಲಸ. ಗುಂಡಿ ಒತ್ತಿದಾಗ ಅದು ಪಟ್ಟನೆ ಮೇಲಕ್ಕೆ ಮಡಚಿಕೊಂಡು ಬೆಳಕಿಗೆ ದಾರಿ ಬಿಡುತ್ತದೆ. ಆ ಕ್ಷಣ ನನ್ನ ಕಿಂಡಿ ಕತ್ತಲು. ಎಂದರೆ ಫಿಲ್ಮಿನ ಮೇಲೆ ಬಿದ್ದ ಆ ಒಂದು ಕ್ಷಣವನ್ನು ಕಿಂಡಿಯಲ್ಲಿ ನಾನು ಕಂಡಿರುವುದೇ ಇಲ್ಲ. ಅದರ ಹಿಂದಿನದನ್ನು ಕಂಡಿದ್ದೇನೆ, ಮುಂದಿನದನ್ನು ಕಂಡಿದ್ದೇನೆ. ನಡುವಿನದು ಬೆಳ್ಳಿಯ ಕಣಗಳಿಗೆ ಸಂದದ್ದು. ಹಿಂದೆ ಪರದೆಯಿಲ್ಲವಾದ್ದರಿಂದ ಕೂಡಲೇ ತಲೆ ತಗ್ಗಿಸಿ ಏನು ಬಂತೆಂದು ನೋಡುವ ಹಾಗೂ ಇಲ್ಲ. ಹಾಗಾಗಿ ಕಣ್ಣು ದೈವದಿಂದ ಕದಲುವುದಿಲ್ಲ. ಇದೇ ನನಗೆ ಫಿಲ್ಮಿನ ದೊಡ್ಡ ಸುಖ. ನನ್ನ ಸುತ್ತ ಮೊಬೈಲು ಎತ್ತಿ ಹಿಡಿದ ನೂರಾರು ಕೈಗಳ ಮೇಲೆ ನನಗೆ ಸಿಟ್ಟಿಲ್ಲ, ದುಬಾಯಿಯಲ್ಲೋ ದೋಹಾದಲ್ಲೋ ಇರುವ ಮಗನಿಗೆ ವಿಡಿಯೋ ಕಾಲಿನಲ್ಲಿ ಮನೆದೈವವನ್ನು ತೋರಿಸುತ್ತಿರುವ ತಾಯಂದಿರೂ ಅವರಲ್ಲಿದ್ದಾರೆ. ಆದರೆ ತೆಗೆದು, ತಗ್ಗಿ ನೋಡಿ, ಅಳಿಸಿ, ಮತ್ತೆ ತೆಗೆಯುವವರು ದೈವ ತಮ್ಮೆದುರು ಬಂದು ನಿಂತು ನುಡಿ ಕೊಟ್ಟಾಗಲೂ ಕೈಯಲ್ಲಿದ್ದುದನ್ನೇ ನೋಡುತ್ತಿರುವುದನ್ನು ಕಂಡಾಗ ಸಂಕಟವಾಗುತ್ತದೆ.

ಇರುಳಿಡೀ ಉರಿದ ಮೇಲೇರಿ, ಎಂದರೆ ಸೌದೆಯ ರಾಶಿ, ಬೆಳಗಿನ ಜಾವಕ್ಕೆ ಕೆಂಡದ ಗುಡ್ಡವಾಗಿರುತ್ತದೆ. ಹತ್ತು ಮಾರು ದೂರದಲ್ಲೂ ಮುಖ ಸುಡುವಷ್ಟು ಝಳ. ಮೂಡಣದಲ್ಲಿ ಆಗಷ್ಟೇ ನೀಲಿ ಹರಿಯುವ ಹೊತ್ತಿಗೆ, ಎಳೆ ತೆಂಗಿನ ಸಿರಿಯುಟ್ಟ ವಿಷ್ಣುಮೂರ್ತಿ ಓಡಿಬಂದು ಕೆಂಡದ ಮೇಲೆ ಬೀಳುತ್ತದೆ. ಪಕ್ಕದವರು ಹಿಡಿದೆಳೆಯುತ್ತಾರೆ, ದೈವ ಕೊಸರಿಕೊಂಡು ಮತ್ತೆ ಹಾರುತ್ತದೆ. ನೂರೊಂದು ಸಲ ಎಂಬುದು ಕ್ರಮ. ಇಲ್ಲಿ ಮೀಟರಿನ ಮಾತು ಕೇಳಬಾರದು. ಅದು ಕೆಂಡವನ್ನು ನೋಡಿ ಬೆಳಕು ಬೇಕಾದಷ್ಟಿದೆ ಎನ್ನುತ್ತದೆ, ಮುಖ ಕತ್ತಲಲ್ಲಿ ಉಳಿಯುತ್ತದೆ. ಮುಖಕ್ಕೆಂದು ಬೆಳಕು ಕೊಟ್ಟರೆ ನೆಗೆಟಿವ್ ಫಿಲ್ಮು ಕೆಂಡವನ್ನೂ ತಾಳಿಕೊಳ್ಳುತ್ತದೆ. ಎಷ್ಟೇ ಹೆಚ್ಚು ಬೆಳಕು ಬಿದ್ದರೂ ಥಟ್ಟನೆ ಬಿಳಿಚಿಕೊಳ್ಳದೆ ಉರಿಯ ಪದರು ಪದರನ್ನು ಇಟ್ಟುಕೊಳ್ಳುವುದು ಅದರ ಗುಣ. ಇನ್ನೊಂದು ಸಂಗತಿ ಬಣ್ಣದ್ದು. ಸಾಮಾನ್ಯ ಬಣ್ಣದ ಫಿಲ್ಮನ್ನು ಮಧ್ಯಾಹ್ನದ ಬಿಸಿಲಿಗೆ ಹೊಂದಿಸಿ ತಯಾರಿಸಿರುತ್ತಾರೆ. ಆ ಹೊಂದಿಕೆ ಬದಲಾಗುವುದಿಲ್ಲ. ಆದ್ದರಿಂದ ಮಡಲಿನ ಸೂಟೆಯ ಬೆಳಕು ಅದರಲ್ಲಿ ಕಡು ಕಿತ್ತಳೆಯಾಗಿಯೇ ಮೂಡುತ್ತದೆ, ಮುಂಜಾವದ ಆಕಾಶ ಕಡು ನೀಲಿಯಾಗಿಯೇ. ಮೊಬೈಲು ತನ್ನಷ್ಟಕ್ಕೆ ಬಣ್ಣ ಸರಿಪಡಿಸಿ ಬೆಂಕಿಯ ಕಿತ್ತಳೆಯನ್ನು ತೊಳೆದುಬಿಡುತ್ತದೆ. ಒತ್ತೆಕೋಲದ ಬೆಳಗನ್ನು ಅಂಗಳದಲ್ಲಿ ನಿಂತು ಕಂಡವರಿಗೆ ಫಿಲ್ಮಿನ ಬಣ್ಣವೇ ಸತ್ಯ ಎಂದು ಗೊತ್ತು.

ಹಳೆಯ ಫಿಲ್ಮುಗಳಿಗೂ ಗಾಜಿನ ತಟ್ಟೆಗಳಿಗೂ ದೈವದ ಮುಖದ ಕೆಂಪು ಕಾಣುತ್ತಿರಲಿಲ್ಲ. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದವರು. ಅವರ ಸಂಗ್ರಹದಲ್ಲಿ ತುಳುನಾಡಿನ ಸಾಕಷ್ಟು ಹಳೆಯ ಚಿತ್ರಗಳಿವೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲೂ ಭೂತ ಕಟ್ಟುವವರ ಚಿತ್ರಗಳಿವೆ. ಆ ಕಾಲದ ತಟ್ಟೆಗಳಿಗೆ ನೀಲಿ ಚೆನ್ನಾಗಿ ತಟ್ಟುತ್ತಿತ್ತು, ಕೆಂಪು ತಟ್ಟುತ್ತಿರಲಿಲ್ಲ. ಎಲ್ಲ ಬಣ್ಣಕ್ಕೂ ಓಗೊಡುವ ತಟ್ಟೆಗಳು ಮಾರುಕಟ್ಟೆಗೆ ಬಂದದ್ದೇ 1906ರ ಸುಮಾರಿಗೆ. ಹಳೆಯ ತಟ್ಟೆಯ ಮೇಲೆ ಇಂಗಲೀಕದ ಕೆಂಪು ಕಪ್ಪಾಗಿ ಬಿದ್ದು, ಕರುಣೆ ತುಂಬಿದ ದೈವದ ಮುಖವೂ ಇದ್ದಿಲು ಬಳಿದಂತೆ ಘೋರವಾಗಿ ತೋರುತ್ತಿತ್ತು. ಮೇಲಾಗಿ ತಟ್ಟೆಗಳು ನಿಧಾನ. ಇರುಳಿನ ಕುಣಿತ ಹಿಡಿಯಲಾಗದೆ ಕೋಲಧಾರಿಯನ್ನು ಹಗಲು ಹೊತ್ತು ಗೋಡೆಯ ಮುಂದೆ ಅಲುಗದಂತೆ ನಿಲ್ಲಿಸಿ ತೆಗೆಯುತ್ತಿದ್ದರು. ಚೆಂಡೆಯಿಲ್ಲ, ಬೆಂಕಿಯಿಲ್ಲ, ಕೈಮುಗಿದವರಿಲ್ಲ. ಇದನ್ನು ನೋಡಿದ ದೂರದ ಓದುಗ 'ದೆವ್ವದ ಪೂಜೆ' ಎಂಬ ಮಾತನ್ನು ಒಪ್ಪಿಕೊಂಡದ್ದರಲ್ಲಿ ಆಶ್ಚರ್ಯವೇನು? ಬೇರೆಯವರ ಹಬ್ಬವನ್ನು ಚಿತ್ರವಾಗಿಸುವವರು ತಾವು ಬಳಸುವ ಫಿಲ್ಮಿನ ಗುಣವನ್ನು ಅರಿತಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಕಪ್ಪು ಬಿಳುಪಿನಲ್ಲಿ ತೆಗೆಯುವಾಗ ಈಗಲೂ ಕೆಂಪು ಬೂದಿಯಾಗಿ ಹಿಂದೆ ಸರಿದುಬಿಡುತ್ತದೆ. ಹಾಗಾಗಿ ಕಪ್ಪು ಬಿಳುಪನ್ನು ನಾನು ಮುಖದ ಗೆರೆಗಳಿಗೆ, ಚೆಂಡೆಯವರ ತೋಳುಗಳಿಗೆ, ಕಾದು ಕಾದು ಚಾಪೆಯ ಮೇಲೆ ನಿದ್ದೆಹೋದ ಮಕ್ಕಳಿಗೆ ಮೀಸಲಿಟ್ಟಿದ್ದೇನೆ.

ಹೊರಗಿನಿಂದ ಬಂದು ಚೆನ್ನಾಗಿ ಕಂಡವರೂ ಇದ್ದಾರೆ. ಪೆಪಿಟಾ ಸೇಥ್ ಇಂಗ್ಲೆಂಡಿನಿಂದ ಬಂದವರು. 1970ರ ದಶಕದಲ್ಲಿ ಕೇರಳಕ್ಕೆ ಬಂದು, ಮುಂದೆ ಇಲ್ಲಿಯವರೇ ಆಗಿ, ದಶಕಗಳ ಕಾಲ ತೆಯ್ಯಂಗಳ ಬೆನ್ನುಹತ್ತಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮತ್ತೆ ಮತ್ತೆ ಅದೇ ಕಾವಿಗೆ ಹೋಗಿ, ಅದೇ ಮನೆತನದವರ ಜೊತೆ ಕೂತು ತೋಟ್ಟಂ ಕೇಳಿ ಅರ್ಥ ತಿಳಿದುಕೊಂಡವರ ಚಿತ್ರ ಬೇರೆಯೇ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದಾಗಲೂ ಅದೇ ಅನಿಸುತ್ತದೆ. ಅವರ ಚಿತ್ರದೊಳಗಿನ ಜನ ಕ್ಯಾಮೆರಾ ಕಂಡು ಬಿಗಿದುಕೊಂಡಿಲ್ಲ, ಆ ಜನರ ಪಕ್ಕದಲ್ಲಿ ಸತ್ಯನ್ ಅಷ್ಟು ಹೊತ್ತು ಇದ್ದಿರಬೇಕು.

ಕಡಲಾಚೆಯ ಹಬ್ಬವೊಂದನ್ನು ನಾನೂ ತೆಗೆದದ್ದುಂಟು. ನನ್ನ ತಮ್ಮ ದುಬಾಯಿಯಲ್ಲಿದ್ದಾನೆ. ಒಮ್ಮೆ ಅವನ ಮನೆಗೆ ಹೋದಾಗ ನಮ್ಮ ಕಡೆಯವರೇ ಸೇರಿ ಆಡಿದ ಯಕ್ಷಗಾನವಿತ್ತು, ಪ್ರಸಂಗ 'ಪಂಚವಟಿ'. ಕುಂಬಳೆಯ ಪಾರ್ತಿಸುಬ್ಬನ ಪದ್ಯಗಳು ಕಡಲಾಚೆ, ಏಸಿ ಸಭಾಂಗಣದಲ್ಲಿ. ರಂಗದ ಹಿಂದಿನ ಕೋಣೆಯೇ ಚೌಕಿ. ಮೂರು ದಿನ ಮೊದಲೇ ಇಚ್ಚನ ಕ್ಯಾಮೆರಾ ತನ್ನ ಹಳೆಯ ಊರಿಗೆ ಮರಳಿತ್ತು. ವಿಮಾನ ನಿಲ್ದಾಣದಲ್ಲಿ ರೀಲುಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿ, ಯಂತ್ರಕ್ಕೆ ಕೊಡದೆ ಕೈಯಲ್ಲೇ ಪರೀಕ್ಷಿಸಿ ಎಂದು ಬೇಡಿಕೊಂಡೆ. ಹಳೆಯ ಎಕ್ಸ್-ರೇ ಯಂತ್ರಗಳು ಕೈಚೀಲದೊಳಗಿನ 400ರ ರೀಲಿಗೆ ಅಷ್ಟಾಗಿ ಕೆಡುಕು ಮಾಡುವುದಿಲ್ಲ. ಹೊಸ ಸಿಟಿ ಸ್ಕ್ಯಾನರುಗಳು ಒಂದೇ ಸಲಕ್ಕೆ ಫಿಲ್ಮಿಗೆ ಮಂಜು ಕವಿಸಿಬಿಡುತ್ತವೆ. ಲಗೇಜಿನಲ್ಲಂತೂ ಹಾಕಲೇಬಾರದು. ದುಬಾಯಿಯ ಸೆಕೆಗೆ ಕಾರಿನಲ್ಲಿ ಬ್ಯಾಗು ಬಿಟ್ಟರೂ ಫಿಲ್ಮಿನ ಬಣ್ಣ ಕೆಡುತ್ತದೆ, ಆದ್ದರಿಂದ ತಮ್ಮನ ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕದಲ್ಲಿ ರೀಲಿನ ಡಬ್ಬಿಗಳನ್ನು ಇಟ್ಟಿದ್ದೆ.

ಚೌಕಿಯಲ್ಲಿ ಕಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಹಗಲು ಕಚೇರಿಯಲ್ಲಿ ಲೆಕ್ಕಪತ್ರ ನೋಡುವವರೊಬ್ಬರು ಶೂರ್ಪನಖಿಯ ಬಣ್ಣಕ್ಕೆ ಕೂತಿದ್ದರು. ಅರಿಶಿನ, ಕೆಂಪು, ಕಪ್ಪು ಮುಗಿದು ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಮುಳ್ಳು ಮುಳ್ಳಾಗಿ ಇಡುವ ಹಂತ. ಅಲ್ಲೇ ಹುಟ್ಟಿದ ಅವರ ಮಗಳು, ಮಲಯಾಳ ಇಂಗ್ಲಿಷು ಬೆರೆಸಿ ಕನ್ನಡ ಮಾತಾಡುವ ಹುಡುಗಿ, ಬಾಲಗೋಪಾಲ ವೇಷಕ್ಕೆ ಗೆಜ್ಜೆ ಕಟ್ಟಿಕೊಂಡು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. "ಅಪ್ಪ, ಹಂದಾಡಬೇಡ, ಒಣಗ್ಲಿಲ್ಲ" ಎಂದು ಗದರಿಸುತ್ತಿದ್ದಳು. ಒಣಗಲಿ ಎಂದು ಕೈಯಲ್ಲಿದ್ದ ಪರೀಕ್ಷೆಯ ಹಾಲ್ ಟಿಕೇಟಿನಿಂದ ಗಾಳಿ ಬೀಸುತ್ತಿದ್ದಳು. ನಾನು ಆ ಒಂದನ್ನು ತೆಗೆದೆ. ಟ್ಯೂಬ್‌ಲೈಟಿನ ಬೆಳಕು ಫಿಲ್ಮಿನಲ್ಲಿ ಸ್ವಲ್ಪ ಹಸಿರಾಗಿ ಬೀಳುತ್ತದೆ. ಸ್ಕ್ಯಾನ್ ಮಾಡಿದವರು ಹಸಿರನ್ನು ತೆಗೆದು ಕಳಿಸಲೇ ಎಂದು ಕೇಳಿದರು. ಬೇಡ ಎಂದೆ. ಆ ಹಸಿರು ಆ ಕೋಣೆಯದು. ಪರವೂರಿನ ಚೌಕಿಯಲ್ಲಿ ಗ್ಯಾಸ್‌ಲೈಟಿನ ಹೊಂಬಣ್ಣ ಎಲ್ಲಿಂದ ಬರಬೇಕು? ಅವರು ಹೇಗೆ ಹಬ್ಬ ಮಾಡಿದರೋ ಹಾಗೆಯೇ ಅದು ಚಿತ್ರದಲ್ಲಿ ಇರಬೇಕು.

ಕಪ್ಪು ಬಿಳುಪಿನ ರೀಲುಗಳನ್ನು ಮನೆಯಲ್ಲಿ ನಾನೇ ತೊಳೆಯುತ್ತೇನೆ. ಅದಕ್ಕೆ ನೀರು ನಮ್ಮ ಸುರಂಗದ್ದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಆಳು ಬಗ್ಗಿ ನಡೆಯುವಷ್ಟು ಅಳತೆಗೆ ಕೊರೆದ ಇಂಥ ಸುರಂಗಗಳು ಕಾಸರಗೋಡು, ದಕ್ಷಿಣ ಕನ್ನಡದ ತೋಟಗಳ ಜೀವಾಳ. ಪಂಪು ಬೇಡ, ಕರೆಂಟು ಬೇಡ. ಗುಡ್ಡದ ಹೊಟ್ಟೆಯಿಂದ ಒಸರಿದ ನೀರು ಅಡಿಕೆ ಮರದ ದಂಬೆಯಲ್ಲೋ ಈಗಿನ ಪೈಪಿನಲ್ಲೋ ತಾನಾಗಿ ಟಾಂಕಿಗೆ ಇಳಿಯುತ್ತದೆ. ಡೆವಲಪರಿನ ಪುಸ್ತಕಗಳೆಲ್ಲ 20 ಡಿಗ್ರಿ ಎನ್ನುತ್ತವೆ. ಸುರಂಗದ ನೀರು ಅಷ್ಟು ತಂಪಲ್ಲ. ಆದರೆ ಬೇಸಗೆಯಲ್ಲೂ ಮಳೆಗಾಲದಲ್ಲೂ ಅದರ ಹದ ಹೆಚ್ಚು ಕಡಿಮೆ ಒಂದೇ. ಫಿಲ್ಮಿಗೆ ಬೇಕಾದದ್ದೂ ಈ ಒಂದೇ ಹದ. ನೀರು ಬೆಚ್ಚಗಿದ್ದಷ್ಟೂ ಚಿತ್ರ ಬೇಗ ಏಳುತ್ತದೆ, ಸಮಯ ತೀರ ಕಿರಿದಾದರೆ ಕಲೆ ಬೀಳುತ್ತದೆ. ಅದಕ್ಕೆ ಡೆವಲಪರಿಗೆ ಸಮ ನೀರು ಬೆರೆಸಿ ತೆಳು ಮಾಡಿಕೊಂಡು ಸಮಯ ಹಿಗ್ಗಿಸುತ್ತೇನೆ. ಬಣ್ಣದ ರೀಲಿನ ಕತೆ ಬೇರೆ. ಅದಕ್ಕೆ 37.8 ಡಿಗ್ರಿ, 3 ನಿಮಿಷ 15 ಸೆಕೆಂಡು ಎಂಬ ಕಟ್ಟುನಿಟ್ಟು, ಅದನ್ನು ಲ್ಯಾಬಿನವರಿಗೇ ಬಿಟ್ಟಿದ್ದೇನೆ. ಹೈಪೋ ಮುಗಿಸಿ, ನೀರಿನಲ್ಲಿ ಚೆನ್ನಾಗಿ ತೊಳೆದು, ಸುರುಳಿಯಿಂದ ಬಿಚ್ಚಿ ಮೊದಲ ಸಲ ಬೆಳಕಿಗೆ ಹಿಡಿಯುವಾಗ ನನ್ನ ಮನೆಯವರೂ ಬಚ್ಚಲಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನೆಗೆಟಿವ್‌ನಲ್ಲಿ ಎಲ್ಲವೂ ಅದಲು ಬದಲು. ಇರುಳು ಬೆಳ್ಳಗೆ, ಬೆಂಕಿ ಕಪ್ಪಗೆ. ನೋಡಿ ನೋಡಿ ಅಭ್ಯಾಸವಾದ ಕಣ್ಣಿಗೆ ಅದರಲ್ಲೇ ಯಾರ ಮುಖ ಎಂದು ಗುರುತು ಸಿಗುತ್ತದೆ. ಹಬ್ಬ ಕಳೆದು ವಾರಗಳಾದ ಮೇಲೆ ಚೆಂಡೆ ಮತ್ತೊಮ್ಮೆ ಕಿವಿಯಲ್ಲಿ ಏಳುತ್ತದೆ.

ಮಳೆಗಾಲ ನಮ್ಮ ಕಡೆ ಚಿತ್ರಗಳಿಗೆ ಹಗೆ. ಲೆನ್ಸಿನೊಳಗೆ ಬೂಷ್ಟು ಬಲೆ ನೇಯುತ್ತದೆ, ನೆಗೆಟಿವ್‌ಗಳು ಒಂದಕ್ಕೊಂದು ಅಂಟುತ್ತವೆ. ಕಪಾಟಿನಲ್ಲಿ ಹಗಲಿರುಳು ಒಂದು ಸಣ್ಣ ಬಲ್ಬು ಉರಿಸಿಡುತ್ತೇನೆ. ಆ ತಿಂಗಳುಗಳಲ್ಲಿ ಮಾಡುವ ದೊಡ್ಡ ಕೆಲಸವೆಂದರೆ ಪ್ರಿಂಟು ಹಾಕಿಸಿ ಮನೆ ಮನೆಗೆ ಕೊಟ್ಟು ಬರುವುದು. ತೆಗೆದ ಚಿತ್ರ ಚಿತ್ರದೊಳಗಿನವರ ಕೈಸೇರಬೇಕು ಎಂಬುದು ಇಚ್ಚನಿಂದ ಕಲಿತ ಪಾಠ. ಅವರು ದುಬಾಯಿಯಲ್ಲಿ ಎಷ್ಟು ಜನ ಚಿತ್ರದಲ್ಲಿದ್ದರೋ ಅಷ್ಟು ಪ್ರತಿ ಹಾಕಿಸುತ್ತಿದ್ದರು. ಕೋಲ ಕಟ್ಟುವವರಿಗೆ ಕೆಂಡ ಬಿಟ್ಟ ಮೇಲೆ ಮೈಯ ಸುಟ್ಟ ಗಾಯ ಆರುವ ಕಾಲವೂ ಮಳೆಗಾಲವೇ. ಚೆರುವತ್ತೂರಿನ ಕಡೆ ಒಂದು ಮನೆಯಲ್ಲಿ ಹಿರಿಯ ಕೋಲಧಾರಿಯೊಬ್ಬರಿಗೆ ಅವರದೇ ಮುಖ ಬರೆಸಿಕೊಳ್ಳುವ ಚಿತ್ರ ಕೊಟ್ಟೆ. ಅವರು ತನ್ನ ಮುಖವನ್ನು ನೋಡಲೇ ಇಲ್ಲ. ಬರೆಯುತ್ತಿದ್ದ ಕೈಯನ್ನು ತೋರಿಸಿ, ಈ ಕೈ ತನ್ನ ಅಣ್ಣನದೆಂದೂ, ಈ ಗೆರೆಯನ್ನು ಹೀಗೆ ಎಳೆಯುವವರು ಈಗ ಇಬ್ಬರೇ ಉಳಿದಿದ್ದಾರೆಂದೂ ಹೇಳಿ ಮೊಮ್ಮಗನನ್ನು ಕರೆದು ತೋರಿಸಿದರು. ಆ ಹುಡುಗ ಚಿತ್ರದ ಮೇಲೆ ಬೆರಳಿಟ್ಟು, ಕಡ್ಡಿ ಎಲ್ಲಿಂದ ಹೊರಟು ಎಲ್ಲಿ ತಿರುಗಿದೆ ಎಂದು ಗೆರೆಯುದ್ದಕ್ಕೂ ಎಳೆದು ನೋಡಿದ.

ಅಕ್ಕನ ಮಗ ಈಚೆಗೆ ನನ್ನ ಜೊತೆ ಬರತೊಡಗಿದ್ದಾನೆ. ಮಂಗಳೂರಿನಲ್ಲಿ ಓದುವ ಹುಡುಗ, ಮೊಬೈಲಿನಲ್ಲೇ ಚೆಂದದ ಚಿತ್ರ ತೆಗೆಯುತ್ತಾನೆ. ಕಳೆದ ಹಂಗಾಮಿನಲ್ಲಿ ಒಂದು ಇರುಳು ಪೂರ್ತಿ ನನ್ನ ಪಕ್ಕ ಕೂತು, ನಾನು ಒತ್ತದೆ ಬಿಟ್ಟ ಹೊತ್ತನ್ನೆಲ್ಲ ಗಮನಿಸಿದ್ದಾನೆ. "ಮಾವ, ತುಲಾ ಹತ್ತಕ್ಕೆ ವೀರರ್‌ಕಾವಿಗೆ ಕ್ಯಾಮೆರಾ ನಾನು ಹಿಡಿಯಲಾ?" ಎಂದು ಕೇಳಿದ. ಹಿಡಿ, ಆದರೆ ರೀಲು ನೀನೇ ತುಂಬಬೇಕು ಎಂದೆ. ಜಗಲಿಯಲ್ಲಿ ನೆರಳಿಗೆ ಕೂರಿಸಿ ಹೇಳಿಕೊಟ್ಟೆ. ಹಿಂಬದಿಯ ಬಾಗಿಲು ತೆರೆ, ಎಡಗಡೆ ಡಬ್ಬಿ ಕೂರಿಸು. ನಾಲಗೆಯನ್ನು ಎಳೆದು ಬಲಗಡೆಯ ಸುರುಳಿಯ ಸೀಳಿಗೆ ಸಿಕ್ಕಿಸು. ಹಲ್ಲುಗಳು ಎರಡೂ ಅಂಚಿನ ತೂತುಗಳಿಗೆ ಕೂತವೋ ನೋಡು, ಆಮೇಲೆ ಬಾಗಿಲು ಮುಚ್ಚು. ಈಗ ಒಂದು ಸಲ ಎಳೆದು ಒತ್ತು, ಇನ್ನೊಂದು ಸಲ ಎಳೆದು ಒತ್ತು. ಎಳೆಯುವಾಗ ಎಡಗಡೆಯ ಗುಬುಟು ಹಿಂದಕ್ಕೆ ತಿರುಗುತ್ತದಾ?

"ತಿರುಗ್ತದೆ ಮಾವ."

"ಹಾಗಾದರೆ ಸರಿ. ಫಿಲ್ಮು ಓಡುತ್ತಾ ಉಂಟು."